ಪಿನ್ ಕೂರುತ್ತಿಲ್ಲವೇ? ಸಣ್ಣ ಟ್ರ್ಯಾಕ್ಟರ್‌ಗೆ ಉಪಕರಣ ಜೋಡಿಸುವಾಗ ದೋಷ ಹುಡುಕುವ ಬಗೆ

ಟ್ರ್ಯಾಕ್ಟರ್ ಹಿಂದಕ್ಕೆ ಬಂದು ನಿಂತಿದೆ. ಎಡಗಡೆ ಪಿನ್ ಕೂತಿದೆ. ಬಲಗಡೆ ಮಾತ್ರ ಬೆರಳಗಲದಷ್ಟು ತಪ್ಪಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಹೋಗುವುದು ಸುತ್ತಿಗೆಗೆ, ಇಲ್ಲವೇ ಹಾರೆಗೆ. ಬಡಿದರೆ ಪಿನ್ ಒಳಗೆ ಹೋಗಲೂಬಹುದು. ಆದರೆ ಅದರ ತುದಿ ಹಿಗ್ಗುತ್ತದೆ. ಮುಂದಿನ ಸಲ ಇನ್ನೂ ಬಿಗಿಯಾಗುತ್ತದೆ. ಆಮೇಲೆ ಬಿಚ್ಚುವುದಕ್ಕೂ ಸುತ್ತಿಗೆಯೇ ಬೇಕಾಗುತ್ತದೆ.

ಪಿನ್ ಕೂರದಿದ್ದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ತೂತು ಯಾವ ದಿಕ್ಕಿಗೆ ತಪ್ಪಿದೆ? ಮೇಲೆ ಕೆಳಗಾ, ಹಿಂದೆ ಮುಂದಾ, ಅಕ್ಕಪಕ್ಕವಾ, ಅಥವಾ ಉಪಕರಣವೇ ವಾಲಿ ನಿಂತಿದೆಯಾ? ಈ ನಾಲ್ಕಕ್ಕೂ ಕಾರಣ ಬೇರೆ, ಸರಿ ಮಾಡುವ ಜಾಗವೂ ಬೇರೆ. ಎತ್ತರ ತಪ್ಪಿದಾಗ ಅಕ್ಕಪಕ್ಕ ಎಳೆದಾಡಿ ಏನೂ ಆಗುವುದಿಲ್ಲ. ದಿಕ್ಕು ಗೊತ್ತಾದ ಮೇಲೆ ಕೈ ಹಾಕಿದರೆ ಬಹುಪಾಲು ಜೋಡಣೆ ಒಬ್ಬರೇ ಮಾಡಬಹುದಾದ ಕೆಲಸ.

ಮೂರು ಬಿಂದುವಿನ ಈ ಜೋಡಣೆಯನ್ನು ರೂಪಿಸಿದವರು ಹ್ಯಾರಿ ಫರ್ಗುಸನ್. 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್ ಜೊತೆ ಅದು ದೊಡ್ಡ ಪ್ರಮಾಣದಲ್ಲಿ ಹೊಲಗಳಿಗೆ ಬಂತು. ಇವತ್ತಿನ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಇರುವುದೂ ಅದೇ ಏರ್ಪಾಡು: ಕೆಳಗೆ ಎರಡು ಲೋವರ್ ಲಿಂಕ್ (ಉಪಕರಣ ಹಿಡಿಯುವ ತೋಳು), ಮೇಲೆ ಒಂದು ಟಾಪ್ ಲಿಂಕ್. ಎಡ ಲಿಂಕ್‌ಗೆ ಟ್ರ್ಯಾಕ್ಟರ್ ನಿಲ್ಲುವ ಜಾಗ ಮತ್ತು ಲಿಂಕ್‌ಗಳನ್ನು ಎತ್ತಿ ಇಳಿಸುವ ಲಿಫ್ಟ್ ಲಿವರ್. ಬಲ ಲಿಂಕ್‌ಗೆ ಅದನ್ನು ಮೇಲಿನಿಂದ ಹಿಡಿದೆತ್ತುವ ಲಿಫ್ಟ್ ರಾಡ್‌ನಲ್ಲಿರುವ ತಿರುಪು. ಮೇಲಿನ ಲಿಂಕ್‌ಗೆ ಅದರದೇ ಉದ್ದ. ಹೀಗೆ ಒಂದೊಂದು ಬಿಂದುವನ್ನು ಹೊಂದಿಸಲು ಒಂದೊಂದು ದಾರಿ ಇದೆ. ಹಾಗಾಗಿ ಜೋಡಿಸುವ ಕ್ರಮ ಎಡ, ಆಮೇಲೆ ಬಲ, ಆಮೇಲೆ ಟಾಪ್ ಲಿಂಕ್, ಕೊನೆಗೆ ಎಂಜಿನ್‌ನ ತಿರುಗುವ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಪಿಟಿಒ ಶಾಫ್ಟ್. ತಿರುಪಿನಿಂದ ಹೊಂದಿಸಲು ಆಗದ ಬಿಂದು ಮೊದಲು, ಹೊಂದಿಸಬಹುದಾದವು ಆಮೇಲೆ. ಕೆಲವು ಮಾದರಿಗಳಲ್ಲಿ ತಿರುಪು ಎಡಗಡೆ ಇರುತ್ತದೆ, ಇಲ್ಲವೇ ಎರಡೂ ಕಡೆ ಇರುತ್ತದೆ. ತಿರುಪು ಎಡಕ್ಕಿದ್ದರೆ ಕ್ರಮವನ್ನೂ ತಿರುಗಿಸಿಕೊಳ್ಳಿ. ಟಾಪ್ ಲಿಂಕ್ ಮೊದಲು ಹಾಕಿ ಕೆಳಗಿನ ಎರಡಕ್ಕೆ ಪರದಾಡುವವರನ್ನು ತುಂಬಾ ನೋಡಿದ್ದೇನೆ. ಅಲ್ಲಿ ದೋಷ ಯಂತ್ರದ್ದಲ್ಲ, ಕ್ರಮದ್ದು.

ಕೈ ಹಾಕುವ ಮುಂಚೆ

ಇದನ್ನು ಬಿಟ್ಟು ಮುಂದೆ ಓದಬೇಡಿ. ಟ್ರ್ಯಾಕ್ಟರ್ ಚಲಿಸುತ್ತಿರುವಾಗ ಅದಕ್ಕೂ ಉಪಕರಣಕ್ಕೂ ನಡುವೆ ಯಾರೂ ನಿಲ್ಲಬಾರದು. ಸಹಾಯಕ್ಕೆ ಬಂದವರು ಪಕ್ಕದಲ್ಲಿ, ಚಾಲಕರಿಗೆ ಕಾಣುವ ಹಾಗೆ ನಿಲ್ಲಬೇಕು. ಪಿನ್ ಹಾಕಲು ಇಳಿಯುವ ಮುಂಚೆ ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಎಂಜಿನ್ ಆಫ್, ಕೀ ಜೇಬಿಗೆ. ನೆಲದಲ್ಲಿ ನಿಂತು ಒಂದು ಕೈಯಲ್ಲಿ ಲಿಫ್ಟ್ ಲಿವರ್, ಇನ್ನೊಂದು ಕೈಯಲ್ಲಿ ಪಿನ್ ಹಿಡಿದು ಹೊಂದಿಸುವ ಅಭ್ಯಾಸ ತುಂಬಾ ಕಡೆ ಇದೆ. ಬೆರಳು ಹೋಗುವುದು ಹಾಗೆಯೇ. ಲಿವರ್ ಮುಟ್ಟುವುದಿದ್ದರೆ ಸೀಟಿಗೆ ಹತ್ತಿ ಮುಟ್ಟಿ. ಹತ್ತಿ ಇಳಿಯುವುದು ಬೇಸರದ ಕೆಲಸವೇ, ಆದರೆ ಬೇರೆ ದಾರಿ ಇಲ್ಲ.

ಎತ್ತರ ತಪ್ಪಿದೆ

ಹೆಚ್ಚು ಸಲ ಕಾಣುವ ತೊಂದರೆ ಇದು. ಎರಡು ಲಿಂಕ್‌ಗಳೂ ಮೇಲಿವೆಯಾ, ಅಥವಾ ಒಂದು ಸರಿ ಇದ್ದು ಇನ್ನೊಂದು ಮೇಲೆ ಕೆಳಗಾಗಿದೆಯಾ, ಮೊದಲು ಅದನ್ನು ನೋಡಿ.

ಎರಡೂ ಮೇಲಿದ್ದು, ಲಿವರ್ ಪೂರ್ತಿ ಇಳಿಸಿದರೂ ಲಿಂಕ್ ಇಳಿಯದಿದ್ದರೆ ಸೀಟಿನ ಕೆಳಗೆ ಅಥವಾ ಮುಂದೆ ಇರುವ ಇಳಿತದ ವೇಗದ ನಾಬ್ ನೋಡಿ. ಅದನ್ನು ಪೂರ್ತಿ ಮುಚ್ಚಿದರೆ ಲಿಂಕ್ ಇದ್ದಲ್ಲೇ ಲಾಕ್ ಆಗಿ ನಿಲ್ಲುತ್ತದೆ. ರಸ್ತೆಯಲ್ಲಿ ಉಪಕರಣ ಎತ್ತಿಕೊಂಡು ಹೋಗುವಾಗ ಮುಚ್ಚಿದವರು ಆಮೇಲೆ ತೆರೆಯಲು ಮರೆತಿರುತ್ತಾರೆ. ನಾಬ್ ತೆರೆದಿದ್ದರೂ ನಿಧಾನ ಅಂದರೆ ಇನ್ನೊಂದು ಕಾರಣ ಇದೆ. ಈ ಲಿಫ್ಟ್ ಎಣ್ಣೆಯ ಒತ್ತಡದಿಂದ ಮೇಲಕ್ಕೆ ಮಾತ್ರ ಎತ್ತುತ್ತದೆ. ಕೆಳಕ್ಕೆ ಇಳಿಯುವುದು ಬರೀ ಭಾರದಿಂದ. ಉಪಕರಣ ಇಲ್ಲದ ಲಿಂಕ್ ಹಗುರ, ಜೊತೆಗೆ ಎಣ್ಣೆ ತಣ್ಣಗಿದ್ದರೆ ಇಳಿಯಲು ಹೊತ್ತು ಹಿಡಿಯುತ್ತದೆ. ಎಂಜಿನ್ ಸ್ವಲ್ಪ ಹೊತ್ತು ಓಡಲಿ, ನಾಬ್ ಪೂರ್ತಿ ತೆರೆದಿರಲಿ, ಸಾಕು. ಲಿಂಕ್ ಮೇಲೆ ಹತ್ತಿ ನಿಂತು ತುಳಿಯುವುದು ಬೇಡ. ಒಮ್ಮೆಗೇ ಕುಸಿದರೆ ಕಾಲು ಅದರಡಿ ಸಿಕ್ಕುತ್ತದೆ.

ಲಿವರ್ ಸ್ವಲ್ಪ ಅಲುಗಿಸಿದರೂ ಲಿಂಕ್ ಪೂರ್ತಿ ಮೇಲೆ, ಇಲ್ಲವೇ ಪೂರ್ತಿ ಕೆಳಗೆ ಹೋಗುತ್ತಿದೆಯೇ? ಮಧ್ಯೆ ಎಲ್ಲೂ ನಿಲ್ಲುತ್ತಿಲ್ಲವೇ? ಹಾಗಾದರೆ ನೀವು ಹಿಡಿದಿರುವುದು ಡ್ರಾಫ್ಟ್ ಕಂಟ್ರೋಲ್ ಲಿವರ್ ಇರಬೇಕು. ಡ್ರಾಫ್ಟ್ ಕಂಟ್ರೋಲ್ ನೋಡುವುದು ಎತ್ತರವನ್ನಲ್ಲ, ಉಪಕರಣ ನೆಲದಲ್ಲಿ ಎಳೆಯುವ ಎಳೆತವನ್ನು. ಉಪಕರಣವೇ ಇಲ್ಲದಾಗ ಎಳೆತ ಎಲ್ಲಿಂದ ಬರಬೇಕು? ಅದಕ್ಕೇ ಲಿಂಕ್ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿಯುತ್ತದೆ. ಜೋಡಿಸುವಾಗ ಬೇಕಾದ್ದು ಎತ್ತರವನ್ನು ನೋಡುವ ಪೊಸಿಷನ್ ಕಂಟ್ರೋಲ್. ಎರಡು ಲಿವರ್ ಇರುವ ಟ್ರ್ಯಾಕ್ಟರ್‌ನಲ್ಲಿ ಇನ್ನೊಂದು ಲಿವರ್ ಎಲ್ಲಿರಬೇಕು ಅನ್ನುವುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಅದನ್ನು ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕದಲ್ಲೇ ನೋಡಿಕೊಳ್ಳಿ.

ಇನ್ನು, ಸೀಟಿನಿಂದ ಇಳಿದು ಬರುವಷ್ಟರಲ್ಲಿ ಲಿಂಕ್ ತಾನಾಗಿಯೇ ಕೆಳಗಾಗಿದೆಯೇ? ಆಗ ಹೊಂದಿಸಿದ್ದ ತೂತು ಮತ್ತೆ ತಪ್ಪುತ್ತದೆ. ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಯಾವುದಾದರೂ ಉಪಕರಣ ಜೋಡಿಸಿದಾಗ ಅದನ್ನು ಎತ್ತಿ, ಎಂಜಿನ್ ನಿಲ್ಲಿಸಿ, ಪಕ್ಕದಲ್ಲಿ ನಿಂತು ನೆಲದಿಂದ ಪಿನ್‌ವರೆಗಿನ ಎತ್ತರ ಅಳೆಯಿರಿ. ಕೆಲವು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಚೂರುಪಾರು ಇಳಿದರೆ ಚಿಂತೆ ಇಲ್ಲ. ಕಣ್ಣಿಗೆ ಕಾಣುವ ಹಾಗೆ ಇಳಿಯುತ್ತಿದ್ದರೆ ಲಿಫ್ಟ್ ಸಿಲಿಂಡರ್‌ನ ಸೀಲ್ ಅಥವಾ ಕಂಟ್ರೋಲ್ ವಾಲ್ವ್‌ನಲ್ಲಿ ಎಣ್ಣೆ ಸೋರುತ್ತಿದೆ ಅಂತ ಅರ್ಥ. ಅದು ಮೆಕ್ಯಾನಿಕ್ ಕೆಲಸ. ಅಲ್ಲಿವರೆಗೆ ಎತ್ತಿದ ಉಪಕರಣದ ಕೆಳಗೆ ಕೈ ಹಾಕಲೇಬೇಡಿ. ಲಿಫ್ಟ್ ಚೆನ್ನಾಗಿದ್ದರೂ ಉಪಕರಣದಡಿ ಕೆಲಸ ಮಾಡುವುದಿದ್ದರೆ ಗಟ್ಟಿ ಆಧಾರ ಕೊಟ್ಟೇ ಮಾಡಬೇಕು.

ಒಂದು ಕಡೆ ಸರಿ ಇದ್ದು ಇನ್ನೊಂದು ಕಡೆ ಎತ್ತರ ತಪ್ಪಿದ್ದರೆ ಎಲ್ಲರೂ ನೇರ ಲಿಫ್ಟ್ ರಾಡ್‌ನ ಲೆವೆಲಿಂಗ್ ತಿರುಪಿಗೆ ಕೈ ಹಾಕುತ್ತಾರೆ. ಅದಕ್ಕಿಂತ ಮೊದಲು ಹಿಂದಿನ ಎರಡು ಟೈರ್‌ಗಳ ಗಾಳಿ ನೋಡಿ. ಒಂದು ಟೈರ್ ಮೆತ್ತಗಿದ್ದರೆ ಇಡೀ ಟ್ರ್ಯಾಕ್ಟರ್ ಆ ಕಡೆಗೆ ವಾಲಿರುತ್ತದೆ, ಲಿಂಕ್ ಕೂಡ ಅದರ ಜೊತೆ ವಾಲಿರುತ್ತದೆ. ತಿರುಪಿನಲ್ಲಿ ಸರಿ ಮಾಡಿದರೆ ಗಾಳಿ ತುಂಬಿದ ದಿನ ಉಪಕರಣ ಸೊಟ್ಟಗಾಗುತ್ತದೆ. ನಂತರ ನೆಲ ನೋಡಿ. ಉಪಕರಣ ಇಟ್ಟ ಜಾಗ ತಗ್ಗುದಿಣ್ಣೆ ಇದ್ದರೆ ಪ್ರತಿ ಸಲವೂ ಇದೇ ಗೋಳು. ಮೂರನೆಯದಾಗಿ, ಎರಡೂ ಲಿಫ್ಟ್ ರಾಡ್‌ಗಳನ್ನು ಪಿನ್‌ನಿಂದ ಪಿನ್‌ಗೆ ಅಳತೆ ಟೇಪ್ ಹಿಡಿದು ನೋಡಿ. ಸಾಮಾನ್ಯ ಕೆಲಸಕ್ಕೆ ಎರಡೂ ಒಂದೇ ಉದ್ದ ಇರಬೇಕು. ನೇಗಿಲು ಹೊಡೆಯುವಾಗ ಬಲಗಡೆ ರಾಡ್ ಬದಲಾಯಿಸಿ ಹಾಗೇ ಬಿಟ್ಟಿರುವುದು ಸಾಮಾನ್ಯ. ಸಮ ಉದ್ದದ ಜಾಗದಲ್ಲಿ ತಿರುಪಿನ ಮೇಲೆ ಒಂದು ಬಣ್ಣದ ಗುರುತು ಹಾಕಿಡಿ. ಯಾವಾಗ ಬೇಕಾದರೂ ಆ ಗುರುತಿಗೆ ವಾಪಸ್ ಬರಬಹುದು.

ತಿರುಪೇ ತಿರುಗದಿದ್ದರೆ? ಮಣ್ಣು, ತುಕ್ಕು ಕಾರಣ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಗ್ರೀಸ್ ಹೊಡೆಯಿರಿ. ಲಿಂಕ್ ಮೇಲೆ ಭಾರ ಇರುವಾಗ ತಿರುಪಬೇಡಿ, ಉಪಕರಣ ನೆಲಕ್ಕೆ ಕೂತಿರಲಿ.

ಹಿಂದೆ ಮುಂದೆ, ಅಕ್ಕಪಕ್ಕ

ಇಲ್ಲಿ ದೋಷ ಬಹುತೇಕ ಟ್ರ್ಯಾಕ್ಟರ್ ನಿಂತ ಜಾಗದ್ದು. ಉಪಕರಣವನ್ನು ಹಾರೆಯಿಂದ ಮೀಟುವುದಕ್ಕಿಂತ ಟ್ರ್ಯಾಕ್ಟರ್ ಮುಂದಕ್ಕೆ ಹೋಗಿ ಮತ್ತೆ ಬರುವುದೇ ಬೇಗ ಆಗುತ್ತದೆ. ಎರಡಡಿ ಮುಂದೆ ಹೋಗಿ ಬಂದರೆ ಪ್ರಯೋಜನ ಇಲ್ಲ. ಅಕ್ಕಪಕ್ಕದ ತಪ್ಪು ಸರಿಯಾಗಬೇಕಾದರೆ ಟ್ರ್ಯಾಕ್ಟರ್‌ನ ಉದ್ದದಷ್ಟಾದರೂ ಮುಂದೆ ಹೋಗಬೇಕು, ಮುಂದಿನ ಚಕ್ರ ನೇರ ಇರುವ ಹಾಗೆ ಹಿಂದಕ್ಕೆ ಬರಬೇಕು. ಕೊನೆಯ ಒಂದು ಮಾರು ದೂರದಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಹಿಂಭಾಗ ಓರೆಯಾಗುತ್ತದೆ. ಆಗ ಒಂದು ಲಿಂಕ್ ಮುಟ್ಟುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಲೋ ರೇಂಜ್‌ನ ರಿವರ್ಸ್ ಗೇರ್, ಕಡಿಮೆ ವೇಗ. ಅಷ್ಟೇ.

ಸೀಟಿನಿಂದ ಕೆಳಗಿನ ಪಿನ್ ಕಾಣುವುದಿಲ್ಲ ಅನ್ನುವುದು ನಿಜವಾದ ಕಷ್ಟ. ಉಪಕರಣದ ಟಾಪ್ ಲಿಂಕ್ ಕಂಬಕ್ಕೆ ಸರಿಯಾಗಿ ಮಧ್ಯದಲ್ಲಿ ಒಂದು ನೆಟ್ಟಗಿನ ಕೋಲು ಕಟ್ಟಿ, ತುದಿಗೆ ಕೆಂಪು ಬಟ್ಟೆ ಸಿಕ್ಕಿಸಿ. ಟ್ರ್ಯಾಕ್ಟರ್‌ನ ಟಾಪ್ ಲಿಂಕ್ ಕೂರುವ ಜಾಗ ಮತ್ತು ಆ ಕೋಲು ಒಂದೇ ಗೆರೆಯಲ್ಲಿ ಕಂಡರೆ ನೀವು ನೇರ ಬರುತ್ತಿದ್ದೀರಿ. ಇದು ಖರ್ಚಿಲ್ಲದ ಕೆಲಸ, ಆದರೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಒಂದಿಷ್ಟು ಅಕ್ಕಪಕ್ಕದ ಸಡಿಲ ಲಿಂಕ್‌ನಲ್ಲೇ ಇರಬೇಕು. ಇಲ್ಲದಿದ್ದರೆ ಲಿಂಕ್ ಆಚೀಚೆ ಸರಿಯದಂತೆ ಹಿಡಿಯುವ ಚೆಕ್ ಚೈನ್ ನೋಡಿ. ಹಿಂದಿನ ಉಪಕರಣಕ್ಕೆ ಬಿಗಿ ಮಾಡಿದ ಚೈನ್ ಹಾಗೇ ಉಳಿದಿದ್ದರೆ ಲಿಂಕ್ ಕದಲುವುದೇ ಇಲ್ಲ. ಜೋಡಿಸುವ ಮುಂಚೆ ಎರಡೂ ಚೈನ್ ಸಡಿಲ ಮಾಡಿ. ಜೋಡಿಸಿದ ಮೇಲೆ ಉಪಕರಣ ಟ್ರ್ಯಾಕ್ಟರ್‌ನ ನಡುಮಧ್ಯಕ್ಕೆ ಬರುವಂತೆ ಎರಡೂ ಕಡೆ ಸಮನಾಗಿ ಬಿಗಿ ಮಾಡಿ. ರೋಟವೇಟರ್‌ಗೆ ಆಚೀಚೆ ಆಟ ಬಹಳ ಕಡಿಮೆ ಇರಬೇಕು. ನೇಗಿಲಿಗೆ ಸ್ವಲ್ಪ ಜಾಸ್ತಿ ಬಿಡಬಹುದು. ಬಿಗಿ ಮಾಡುವುದನ್ನು ಮರೆತರೆ ಲಿಂಕ್ ಟೈರ್‌ಗೆ ಉಜ್ಜುತ್ತದೆ. ಟೈರ್‌ನ ಒಳಬದಿಯಲ್ಲಿ ಹೊಳೆಯುವ ಗೀರು ಕಂಡರೆ ಕಾರಣ ಇದೇ.

ಹಿಂದೆ ಮುಂದೆ ಒಂದೆರಡು ಅಂಗುಲ ತಪ್ಪುವುದು ಪ್ರತಿ ಸಲದ ಕಥೆಯಾಗಿದ್ದರೆ, ತುದಿ ಉದ್ದ ಮಾಡಬಹುದಾದ ಲೋವರ್ ಲಿಂಕ್ ಹಾಕಿಸಿಕೊಳ್ಳುವುದು ಒಳ್ಳೆಯದು. ಇದರಲ್ಲಿ ಒಂದು ಚಿಲಕ ಒತ್ತಿದರೆ ಲಿಂಕ್ ತುದಿ ಹೊರಕ್ಕೆ ಬರುತ್ತದೆ. ಪಿನ್ ಹಾಕಿದ ಮೇಲೆ ಟ್ರ್ಯಾಕ್ಟರ್ ನಿಧಾನ ಹಿಂದಕ್ಕೆ ತಂದರೆ ತುದಿ ಒಳಕ್ಕೆ ಸರಿದು ಟಪ್ ಅಂತ ಲಾಕ್ ಆಗುತ್ತದೆ. ಎರಡೂ ಕಡೆ ಲಾಕ್ ಆಗಿದೆಯಾ ಅಂತ ಕಣ್ಣಾರೆ ನೋಡದೆ ಉಪಕರಣ ಎತ್ತಬಾರದು. ಚಿಲಕದ ಸಂದಿಯಲ್ಲಿ ಮಣ್ಣು ಗಟ್ಟಿಯಾದರೆ ಲಾಕ್ ಅರ್ಧಕ್ಕೆ ನಿಲ್ಲುತ್ತದೆ. ಒಂದೇ ಒಂದು ಸುಧಾರಣೆಗೆ ದುಡ್ಡು ಹಾಕುವುದಾದರೆ ನಾನು ಇದನ್ನೇ ಆರಿಸುತ್ತೇನೆ.

ತೂತು ನೇರ ಇದೆ, ಆದರೂ ಪಿನ್ ಹೋಗುತ್ತಿಲ್ಲ

ಈಗ ಪಿನ್ ಕೈಗೆತ್ತಿಕೊಳ್ಳಿ. ತುದಿ ಹಿಗ್ಗಿದೆಯಾ, ಬಾಗಿದೆಯಾ, ಮೈಮೇಲೆ ಗೀರು ಬಿದ್ದು ಅಂಚು ಎದ್ದಿದೆಯಾ ನೋಡಿ. ಹಿಗ್ಗಿದ ತುದಿಯನ್ನು ಅರ ಹಾಕಿ ಸವೆಸಿ, ತುದಿಗೆ ಸ್ವಲ್ಪ ಇಳಿಜಾರು ಕೊಡಿ. ಬಾಗಿದ ಪಿನ್ ನೆಟ್ಟಗೆ ಮಾಡಲು ಹೋಗಬೇಡಿ, ಬದಲಾಯಿಸಿ. ಅದರ ಜಾಗಕ್ಕೆ ಸಾದಾ ಬೋಲ್ಟ್ ಹಾಕುವುದೂ ತಪ್ಪು. ಬೋಲ್ಟ್‌ನ ಮರೆ (ತಿರುಪಿನ ಸುತ್ತು) ಇರುವ ಭಾಗ, ಲಿಂಕ್ ತುದಿಯಲ್ಲಿ ಪಿನ್ ಕೂರುವ ತೂತಿನ ಗುಂಡಿನ, ಅಂದರೆ ಬಾಲ್‌ನ ಒಳಮೈಯನ್ನು ತಿನ್ನುತ್ತದೆ, ಭಾರ ಬಿದ್ದಾಗ ಮುರಿಯಲೂಬಹುದು.

ಆಮೇಲೆ ಲಿಂಕ್ ತುದಿಯ ಬಾಲ್. ಅದು ಬೆರಳಲ್ಲಿ ತಿರುಗಬೇಕು. ತುಕ್ಕು ಹಿಡಿದು ಓರೆಯಾಗಿ ನಿಂತಿದ್ದರೆ ತೂತು ಎದುರಿಗೇ ಇದ್ದರೂ ಪಿನ್ ಒಳಗೆ ಹೋಗುವುದಿಲ್ಲ. ಎಣ್ಣೆ ಹಾಕಿ, ಒಂದು ಸಣ್ಣ ಪೈಪ್ ತುಂಡು ತೂರಿಸಿ ಆಚೀಚೆ ಆಡಿಸಿ ಬಿಡಿಸಿಕೊಳ್ಳಿ. ಇದಕ್ಕೆ ತೆಳು ಎಣ್ಣೆಯೇ ಸಾಕು. ಗ್ರೀಸ್ ಜಾಸ್ತಿ ಬಳಿದರೆ ಮಣ್ಣು ಅಂಟಿಕೊಂಡು ಸಾಣೆ ಹಿಡಿದ ಹಾಗೆ ಸವೆಯುತ್ತದೆ.

ಅಳತೆಯೇ ಹೊಂದದೆ ಇರುವುದೂ ಉಂಟು. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಕೆಟಗರಿ 1 ಅನ್ನುವ ಅಳತೆ ವರ್ಗದ ಜೋಡಣೆ. ಅದರಲ್ಲಿ ಟಾಪ್ ಲಿಂಕ್ ಪಿನ್ ಸುಮಾರು 19 ಮಿ.ಮೀ., ಕೆಳಗಿನ ಪಿನ್ ಸುಮಾರು 22 ಮಿ.ಮೀ. ದಪ್ಪ. ಕೆಟಗರಿ 2ರಲ್ಲಿ ಇವು ಸುಮಾರು 25 ಮತ್ತು 28 ಮಿ.ಮೀ. ಕೆಳಗಿನ ಎರಡು ಪಿನ್‌ಗಳ ನಡುವಿನ ಅಗಲ ಕೆಟಗರಿ 1ರಲ್ಲಿ 683 ಮಿ.ಮೀ., ಕೆಟಗರಿ 2ರಲ್ಲಿ 825 ಮಿ.ಮೀ. ಬೇರೆ ಟ್ರ್ಯಾಕ್ಟರ್‌ಗೆಂದು ಮಾಡಿದ ಉಪಕರಣ ತಂದಾಗ ಮೊದಲ ದಿನವೇ ಈ ಮೂರು ಅಳತೆ ತೆಗೆದುಕೊಳ್ಳಿ. ದೊಡ್ಡ ಬಾಲ್‌ಗೆ ಸಣ್ಣ ಪಿನ್ ಇದ್ದರೆ ನಡುವೆ ಹಾಕುವ ಬುಶ್ ಸಿಗುತ್ತದೆ. ಬುಶ್ ಇಲ್ಲದೆ ಹಾಗೇ ಓಡಿಸಿದರೆ ಪಿನ್ ಕುಟ್ಟಿ ಕುಟ್ಟಿ ಬಾಗುತ್ತದೆ, ತೂತು ಮೊಟ್ಟೆಯಾಕಾರ ಆಗುತ್ತದೆ. ಸಣ್ಣ ಬಾಲ್‌ಗೆ ದೊಡ್ಡ ಪಿನ್ ಇದ್ದರೆ ಉಪಕರಣದ ಪಿನ್ ಬದಲಾಯಿಸಬೇಕು. ಬಾಲ್ ಕೊರೆದು ದೊಡ್ಡದು ಮಾಡಬೇಡಿ. ಅಗಲ ಹೊಂದದಿದ್ದರೆ ಪಿನ್‌ಗಳನ್ನು ಒಳಮುಖ ಮಾಡಿ ಕೂರಿಸಲು ಆಗುತ್ತದಾ ನೋಡಿ. ಕೆಲವು ಉಪಕರಣಗಳಲ್ಲಿ ಅದಕ್ಕೂ ತೂತು ಕೊಟ್ಟಿರುತ್ತಾರೆ.

ಎರಡು ಪಟ್ಟಿಗಳ ನಡುವೆ ಬಾಲ್ ಕೂರುವ ಬಗೆಯ ಉಪಕರಣವಾದರೆ ಆ ಪಟ್ಟಿಗಳನ್ನೂ ಗಮನಿಸಿ. ಕಲ್ಲಿಗೆ ತಾಗಿ ಒಂದು ಪಟ್ಟಿ ಒಳಕ್ಕೆ ಬಾಗಿದ್ದರೆ ಬಾಲ್ ನಡುವೆ ನುಸುಳುವುದೇ ಇಲ್ಲ. ಆ ಎರಡು ತೂತುಗಳಲ್ಲಿ ಬರೀ ಪಿನ್ ತೂರಿಸಿ ನೋಡಿ. ಲಿಂಕ್ ಇಲ್ಲದೆಯೂ ಬಿಗಿಯಾಗಿದ್ದರೆ ದೋಷ ಉಪಕರಣದ್ದು, ಟ್ರ್ಯಾಕ್ಟರ್‌ದಲ್ಲ.

ಟಾಪ್ ಲಿಂಕ್ ಮುಟ್ಟುತ್ತಿಲ್ಲ

ಕೆಳಗಿನ ಎರಡೂ ಕೂತ ಮೇಲೆ ಉಳಿಯುವುದು ಉಪಕರಣದ ವಾಲಿಕೆ. ಟಾಪ್ ಲಿಂಕ್ ನಡುವಿನ ಕೊಳವೆಯನ್ನು ತಿರುಗಿಸಿದರೆ ಎರಡೂ ತುದಿ ಒಟ್ಟಿಗೆ ಹೊರಗೆ ಬರುತ್ತವೆ ಅಥವಾ ಒಳಗೆ ಹೋಗುತ್ತವೆ. ಒಂದು ತುದಿಗೆ ಬಲಮರೆ, ಇನ್ನೊಂದಕ್ಕೆ ಎಡಮರೆ ಇರುವುದರಿಂದ ಹಾಗೆ. ಒಂದೇ ತುದಿ ತುಂಬಾ ಹೊರಗೆ ಬಂದಿದ್ದರೆ ಅದರ ಮರೆ ಕೆಲವೇ ಸುತ್ತಿನಲ್ಲಿ ನಿಂತಿರುತ್ತದೆ. ಭಾರ ಎತ್ತುವಾಗ ಅದು ಕಿತ್ತು ಬರುವ ಅಪಾಯ ಇದೆ. ಎರಡೂ ತುದಿಗಳನ್ನು ಪೂರ್ತಿ ಒಳಗೆ ಕೂರಿಸಿ, ಸಮನಾಗಿ ಹೊರಗೆ ತನ್ನಿ.

ಲಿಂಕ್ ತಿರುಗುತ್ತಿದೆ, ಆದರೂ ಕೊನೆಯ ಚೂರು ಹೊಂದುತ್ತಿಲ್ಲ ಅಂದರೆ ಲಿಫ್ಟ್ ಅನ್ನೇ ಬಳಸಿಕೊಳ್ಳಿ. ಉಪಕರಣದ ಹಿಂಭಾಗ ನೆಲದಲ್ಲೇ ಇದ್ದು ಲೋವರ್ ಲಿಂಕ್ ಸ್ವಲ್ಪ ಮೇಲೆದ್ದರೆ ಉಪಕರಣದ ಕಂಬ ಹಿಂದಕ್ಕೆ ವಾಲುತ್ತದೆ, ಟ್ರ್ಯಾಕ್ಟರ್‌ನಿಂದ ದೂರ ಹೋಗುತ್ತದೆ. ಇಳಿಸಿದರೆ ಹತ್ತಿರ ಬರುತ್ತದೆ. ಟಾಪ್ ಲಿಂಕ್ ಉದ್ದವಾಯಿತು ಅನ್ನಿಸಿದರೆ ಚೂರು ಎತ್ತಿ, ಗಿಡ್ಡವಾಯಿತು ಅನ್ನಿಸಿದರೆ ಚೂರು ಇಳಿಸಿ. ಸೀಟಿನಲ್ಲಿ ಕೂತು ಮಾಡಿ, ಎಂಜಿನ್ ನಿಲ್ಲಿಸಿ, ಇಳಿದು ನೋಡಿ. ಇದನ್ನು ಅರ್ಥ ಮಾಡಿಕೊಂಡವರಿಗೆ ಟಾಪ್ ಲಿಂಕ್ ಮುಂದೆಂದೂ ತಲೆನೋವಾಗುವುದಿಲ್ಲ.

ಟಾಪ್ ಲಿಂಕ್‌ಗೆ ಟ್ರ್ಯಾಕ್ಟರ್ ಕಡೆ ಒಂದಕ್ಕಿಂತ ಹೆಚ್ಚು ತೂತು ಇದ್ದರೆ, ಕಳೆದ ಸಲ ಬೇರೆ ತೂತಿನಲ್ಲಿತ್ತಾ ಅಂತಲೂ ನೋಡಿ. ಒಂದು ತೂತು ಬದಲಾದರೂ ಬೇಕಾದ ಉದ್ದ ಬದಲಾಗುತ್ತದೆ. ಪ್ರತಿ ಉಪಕರಣಕ್ಕೂ ಯಾವ ತೂತು, ಎಷ್ಟು ಉದ್ದ ಅಂತ ಅದರ ಕಂಬದ ಮೇಲೆಯೇ ಬಣ್ಣದಲ್ಲಿ ಬರೆದಿಡಿ.

ಪಿಟಿಒ ಶಾಫ್ಟ್

ಕೈಕಾಲು ಕಳೆದುಕೊಂಡವರ ಕಥೆ ಬಹಳ ಕೇಳಿಬರುವುದು ಇಲ್ಲಿಂದ. ಪಿಟಿಒ ತಿರುಗುವ ವೇಗ 540 ಆರ್‌ಪಿಎಂ (ನಿಮಿಷಕ್ಕೆ 540 ಸುತ್ತು), ಅಂದರೆ ಸೆಕೆಂಡಿಗೆ 9 ಸುತ್ತು. ಬಟ್ಟೆಯ ತುದಿ ಸಿಕ್ಕಿದರೆ ಎಳೆದುಕೊಳ್ಳಲು ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತೂ ಬೇಡ. ಎಂಜಿನ್ ಆಫ್ ಮಾಡದೆ ಶಾಫ್ಟ್ ಮುಟ್ಟಲೇಬಾರದು. ಪ್ಲಾಸ್ಟಿಕ್ ಕವಚ ಇಲ್ಲದ ಶಾಫ್ಟ್ ಓಡಿಸಲೇಬಾರದು.

ಸಣ್ಣ ಟ್ರ್ಯಾಕ್ಟರ್‌ನ ಹಿಂದಿನ ಪಿಟಿಒ ಸಾಮಾನ್ಯವಾಗಿ 35 ಮಿ.ಮೀ. ದಪ್ಪದ್ದು, 6 ಹಲ್ಲಿನದು. ಶಾಫ್ಟ್‌ನ ತುದಿ ಅದರ ಮೇಲೆ ಏರುತ್ತಿಲ್ಲ ಅಂದರೆ ಹಲ್ಲು ಹಲ್ಲಿಗೆ ಎದುರಾಗಿದೆ. ಶಾಫ್ಟ್ ಚೂರು ತಿರುಗಿಸಿದರೆ ಕೂರುತ್ತದೆ. ಆದರೆ ಶಾಫ್ಟ್‌ನ ಇನ್ನೊಂದು ತುದಿ ರೋಟವೇಟರ್‌ನಲ್ಲಿ ಮೊದಲೇ ಕೂತಿದ್ದರೆ ಅದನ್ನು ಕೈಯಲ್ಲಿ ತಿರುಗಿಸುವುದು ಕಷ್ಟ. ಆಗ ಟ್ರ್ಯಾಕ್ಟರ್ ಕಡೆಯ ಪಿಟಿಒ ತುದಿ ತಿರುಗುತ್ತದಾ ನೋಡಿ. ಪಿಟಿಒ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಅದು ಕೈಗೆ ತಿರುಗುತ್ತದೆ. ಪಿಟಿಒ ಬ್ರೇಕ್ ಇರುವ ಮಾದರಿಯಲ್ಲಿ ತಿರುಗದು. ಆಗ ಶಾಫ್ಟ್ ಮೊದಲು ಟ್ರ್ಯಾಕ್ಟರ್‌ಗೆ ಹಾಕಿ, ಆಮೇಲೆ ಉಪಕರಣದ ಕಡೆ ಕೂರಿಸುವುದು ಸುಲಭ.

ಶಾಫ್ಟ್ ತುದಿಯ ಲಾಕ್ ಪಿನ್ ಒತ್ತಿದರೂ ಒಳಗೆ ಹೋಗುತ್ತಿಲ್ಲವಾದರೆ ಒಳಗೆ ಮಣ್ಣು, ಹಳೆ ಗ್ರೀಸ್ ಗಟ್ಟಿಯಾಗಿದೆ. ಡೀಸೆಲ್‌ನಲ್ಲಿ ತೊಳೆದು ತೆಳು ಎಣ್ಣೆ ಬಿಡಿ. ಹೊಸ ಶಾಫ್ಟ್ ಆಗಿದ್ದರೆ ಹಲ್ಲಿನ ಸಂದಿಯಲ್ಲಿ ಬಣ್ಣ ನಿಂತಿರುತ್ತದೆ, ಕೆರೆದು ತೆಗೆಯಿರಿ. ಕೂತ ಮೇಲೆ ಲಾಕ್ ಪಿನ್ ಪೂರ್ತಿ ಹೊರಗೆ ಬಂದಿರಬೇಕು. ಶಾಫ್ಟ್ ತುದಿಯನ್ನು ಹಿಂದಕ್ಕೆ ಜೋರಾಗಿ ಎಳೆದು ನೋಡಿ. ಸದ್ದು ಕೇಳಿದರೆ ಸಾಲದು, ಎಳೆದಾಗ ಬರಬಾರದು.

ಎಲ್ಲ ಸರಿ, ಆದರೆ ಶಾಫ್ಟ್ ಉದ್ದವಾಗಿ ನಡುವೆ ಹಿಡಿಸುತ್ತಿಲ್ಲ. ಹೊಸ ಉಪಕರಣ ತಂದಾಗ ಇದು ಬಹಳ ಕಾಣುವ ದೋಷ. ಒಳಗಿನ ಕೊಳವೆ, ಹೊರಗಿನ ಕೊಳವೆ ಎರಡೂ ಪೂರ್ತಿ ಮುಚ್ಚಿಕೊಂಡ ಮೇಲೂ ಉದ್ದ ಉಳಿದರೆ ಸುಮ್ನೆ ಒತ್ತಿ ಕೂರಿಸಬೇಡಿ. ಉಪಕರಣ ಎತ್ತಿದಾಗ ಶಾಫ್ಟ್ ಎರಡೂ ಕಡೆ ಗುದ್ದಿ ಗೇರ್ ಬಾಕ್ಸ್ ಬೇರಿಂಗ್ ಹಾಳಾಗುತ್ತದೆ. ಅದನ್ನು ಕತ್ತರಿಸಬೇಕು. ಉಪಕರಣವನ್ನು ಮೂರೂ ಬಿಂದುವಿಗೆ ಜೋಡಿಸಿ, ಪಿಟಿಒ ತುದಿ ಮತ್ತು ಗೇರ್ ಬಾಕ್ಸ್ ತುದಿ ಒಂದೇ ಮಟ್ಟಕ್ಕೆ ಬರುವ ಹಾಗೆ ನಿಲ್ಲಿಸಿ, ಕೆಳಗೆ ಗಟ್ಟಿ ಆಧಾರ ಕೊಡಿ. ಸಾಮಾನ್ಯವಾಗಿ ಎರಡರ ನಡುವಿನ ದೂರ ಅತಿ ಕಡಿಮೆ ಇರುವುದು ಆಗಲೇ. ಶಾಫ್ಟ್‌ನ ಎರಡು ಭಾಗ ಬೇರೆ ಮಾಡಿ, ಒಂದೊಂದನ್ನು ಅದರದರ ಕಡೆ ಕೂರಿಸಿ, ಅಕ್ಕಪಕ್ಕ ಹಿಡಿದು ಗುರುತು ಮಾಡಿ. ಅತಿ ಗಿಡ್ಡ ಸ್ಥಿತಿಯಲ್ಲೂ ಕೊಳವೆಯ ತುದಿಗೆ ಸುಮಾರು 25 ಮಿ.ಮೀ. ಜಾಗ ಉಳಿಯಬೇಕು. ಎರಡೂ ಲೋಹದ ಕೊಳವೆಗಳಿಂದ, ಎರಡೂ ಪ್ಲಾಸ್ಟಿಕ್ ಕವಚಗಳಿಂದ ಒಂದೇ ಅಳತೆ ಕತ್ತರಿಸಿ. ಅಂಚು ಅರ ಹಾಕಿ, ಪುಡಿ ಒರೆಸಿ, ಗ್ರೀಸ್ ಹಚ್ಚಿ.

ಆಮೇಲೆ ಉಲ್ಟಾ ಪರೀಕ್ಷೆ. ಕೆಲಸದಲ್ಲಿ ಶಾಫ್ಟ್ ಅತಿ ಉದ್ದ ಆಗುವ ಸ್ಥಿತಿಯಲ್ಲಿ ಒಂದು ಕೊಳವೆ ಇನ್ನೊಂದರೊಳಗೆ ತನ್ನ ಉದ್ದದ ಮೂರನೇ ಒಂದು ಭಾಗದಷ್ಟಾದರೂ ಕೂತಿರಬೇಕು. ಶಾಫ್ಟ್ ತಯಾರಕರು ಇದಕ್ಕಿಂತ ಜಾಸ್ತಿ ಹೇಳಿದ್ದರೆ ಅವರ ಮಾತೇ ಮೇಲು. ಕಡಿಮೆಯಾದರೆ ತಿರುಚಿಕೊಂಡು ಬಿಚ್ಚಿಹೋಗುತ್ತದೆ. ಕತ್ತರಿಸಿದ್ದನ್ನು ಮತ್ತೆ ಸೇರಿಸಲು ಆಗುವುದಿಲ್ಲ ಅಲ್ವಾ, ಹಾಗಾಗಿ ಮೊದಲು ಕಡಿಮೆ ಕತ್ತರಿಸಿ, ನೋಡಿ, ಬೇಕಿದ್ದರೆ ಮತ್ತೆ ಕತ್ತರಿಸಿ.

ಎರಡು ಭಾಗ ಮತ್ತೆ ಸೇರಿಸುವಾಗ ನಡುವಿನ ಎರಡು ಯೋಕ್‌ಗಳು (ಕೀಲನ್ನು ಹಿಡಿಯುವ ಕವಲು ತುದಿಗಳು) ಒಂದೇ ಗೆರೆಯಲ್ಲಿರಬೇಕು. ಚೌಕ ಕೊಳವೆಯಾದರೆ ತಪ್ಪಾಗಿ ಸೇರಿಸುವುದು ತುಂಬಾ ಸುಲಭ. ಉಪಕರಣ ಜೋಡಿಸಿದ ದಿನದಿಂದ ಶಾಫ್ಟ್ ಗಡಗಡ ಅಂತ ನಡುಗುತ್ತಿದ್ದರೆ ಮೊದಲು ಇದನ್ನು ನೋಡಿ, ಕ್ರಾಸ್ ಬೇರಿಂಗ್ ಬದಲಾಯಿಸುವ ಮಾತು ಆಮೇಲೆ.

ಇನ್ನೊಂದು ಜಾಗ ಹೆಚ್ಚಿನವರು ನೋಡುವುದಿಲ್ಲ: ಡ್ರಾಬಾರ್. ಟ್ರೈಲರ್ ಎಳೆಯಲು ಹಾಕಿದ ಡ್ರಾಬಾರ್ ಹಿಂದಕ್ಕೆ ಚಾಚಿಕೊಂಡಿದ್ದರೆ ಉಪಕರಣ ಇಳಿಸಿದಾಗ ಶಾಫ್ಟ್ ಕವಚ ಅದಕ್ಕೆ ತಾಗುತ್ತದೆ, ಕೆಲವೊಮ್ಮೆ ಉಪಕರಣದ ಚೌಕಟ್ಟೇ ತಾಗುತ್ತದೆ. ಡ್ರಾಬಾರ್ ಒಳಕ್ಕೆ ಸರಿಸಿ ಅಥವಾ ಕಳಚಿಡಿ.

ಹೈಡ್ರಾಲಿಕ್ ಪೈಪ್

ಪೈಪ್ ತುದಿ ಅದನ್ನು ಸಿಕ್ಕಿಸುವ ಕಪ್ಲರ್‌ಗೆ ಕೂರುತ್ತಿಲ್ಲ ಅಂದರೆ ಒಳಗೆ ಒತ್ತಡ ಉಳಿದಿದೆ. ಬಿಸಿಲಲ್ಲಿ ಬಿದ್ದಿದ್ದ ಉಪಕರಣದ ಪೈಪ್‌ನಲ್ಲಿ ಎಣ್ಣೆ ಹಿಗ್ಗಿ ಒತ್ತಡ ಏರುತ್ತದೆ. ಟ್ರ್ಯಾಕ್ಟರ್ ಕಡೆ ಎಂಜಿನ್ ನಿಲ್ಲಿಸಿ ಆ ಪೈಪ್‌ನ ಲಿವರ್ ಆಚೀಚೆ ಆಡಿಸಿ, ಒತ್ತಡ ಇಳಿಯುತ್ತದೆ. ಉಪಕರಣದ ಕಡೆ ನೆರಳಿಗೆ ತಂದು ತಣ್ಣಗಾಗಲು ಬಿಡುವುದು ಒಳ್ಳೆಯದು. ತುದಿಯ ಗೋಲಿಯನ್ನು ಮೊಳೆಯಿಂದ ಚುಚ್ಚಿ ಎಣ್ಣೆ ಹಾರಿಸುವುದು ಬೇಡ. ಒತ್ತಡದ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ ಅದು.

ಕ್ವಿಕ್ ಹಿಚ್ ಹಾಕಿಸಿದರೆ ಎಲ್ಲ ಸರಿಯಾಗುತ್ತದಾ?

ಸರಿಯಾಗುತ್ತದೆ, ಆದರೆ ಉಪಕರಣಗಳು ಅದಕ್ಕೆ ಹೊಂದಿದರೆ ಮಾತ್ರ. ಮೂರು ಕೊಕ್ಕೆಯ ಚೌಕಟ್ಟು ಟ್ರ್ಯಾಕ್ಟರ್‌ಗೆ ಕಾಯಂ ಕೂತಿರುತ್ತದೆ. ಹಿಂದಕ್ಕೆ ಬಂದು ಎತ್ತಿದರೆ ಮೂರೂ ಪಿನ್ ಒಟ್ಟಿಗೆ ಕೊಕ್ಕೆಗೆ ಬೀಳುತ್ತವೆ. ಕೆಟಗರಿ 1ರ ಇಂಥ ಚೌಕಟ್ಟಿನಲ್ಲಿ ಮೇಲಿನ ಕೊಕ್ಕೆ ಕೆಳಗಿನ ಪಿನ್‌ಗಳಿಂದ 381 ಮಿ.ಮೀ. ಎತ್ತರದಲ್ಲಿರುವುದು ವಾಡಿಕೆ. ನಿಮ್ಮ ಉಪಕರಣಗಳ ಕಂಬದ ತೂತು ಆ ಎತ್ತರದಲ್ಲಿ ಇಲ್ಲದಿದ್ದರೆ ಮೇಲಿನ ಕೊಕ್ಕೆ ಸಿಗುವುದಿಲ್ಲ. ಕೊಳ್ಳುವ ಮುಂಚೆ ಮನೆಯಲ್ಲಿರುವ ಪ್ರತಿ ಉಪಕರಣದ ಎತ್ತರ, ಅಗಲ ಅಳೆದು ಬರೆದುಕೊಂಡು ಹೋಗಿ. ತ್ರಿಕೋನದ ಚೌಕಟ್ಟಿನ ಬಗೆಯೂ ಇದೆ. ಅದರಲ್ಲಿ ಅರ್ಧ ಟ್ರ್ಯಾಕ್ಟರ್‌ಗೆ, ಇನ್ನರ್ಧ ಪ್ರತಿ ಉಪಕರಣಕ್ಕೂ ಬೇಕು.

ಯಾವ ಬಗೆಯಾದರೂ ಉಪಕರಣ ಹಿಂದಕ್ಕೆ ಸರಿಯುತ್ತದೆ. ಸಣ್ಣ ಟ್ರ್ಯಾಕ್ಟರ್‌ಗೆ ಇದು ಸಣ್ಣ ವಿಷಯ ಅಲ್ಲ. ಲಿಫ್ಟ್ ಸಾಮರ್ಥ್ಯವನ್ನು ಸಾಮಾನ್ಯವಾಗಿ ಲಿಂಕ್ ತುದಿಯಿಂದ 610 ಮಿ.ಮೀ. ಹಿಂದೆ ಭಾರ ಇದ್ದಾಗ ಎಷ್ಟು ಅಂತ ಹೇಳುತ್ತಾರೆ. ಭಾರ ಅದಕ್ಕಿಂತ ಹಿಂದೆ ಹೋದಷ್ಟೂ ಎತ್ತುವ ಶಕ್ತಿ ಕಡಿಮೆ, ಮುಂದಿನ ಚಕ್ರ ಹಗುರ. ಚೌಕಟ್ಟಿನ ತೂಕವೂ ಸೇರುತ್ತದೆ. ಪಿಟಿಒ ಶಾಫ್ಟ್ ಉದ್ದ ಸಾಲದೆ ಹೋಗಬಹುದು, ಮೇಲೆ ಹೇಳಿದ ಅಳತೆ ಮತ್ತೆ ತೆಗೆಯಬೇಕು. ಎತ್ತಿದಾಗ ಸ್ಟಿಯರಿಂಗ್ ಹಗುರವಾದರೆ ಮುಂದೆ ಭಾರದ ಪ್ಲೇಟ್ ಹಾಕಿ. ದಿನಕ್ಕೆ ಹಲವು ಸಲ ಉಪಕರಣ ಬದಲಾಯಿಸುವವರಿಗೆ ಕ್ವಿಕ್ ಹಿಚ್ ಬೇಕೇ ಬೇಕು. ಎರಡು ಉಪಕರಣ ಇಟ್ಟುಕೊಂಡು ಹಂಗಾಮಿಗೆ ಕೆಲವು ಸಲ ಬದಲಾಯಿಸುವವರಿಗೆ ಉದ್ದ ಮಾಡಬಹುದಾದ ಲಿಂಕ್ ತುದಿ, ಸಮತಟ್ಟು ನೆಲ, ಇಷ್ಟು ಸಾಕು.

ಬಿಚ್ಚುವಾಗಲೇ ಮುಂದಿನ ಜೋಡಣೆ

ಉಪಕರಣ ಹೇಗೆ ಬಿಡುತ್ತೀರೋ ಹಾಗೇ ಸಿಗುತ್ತದೆ. ಗಟ್ಟಿ, ಸಮತಟ್ಟು ನೆಲದಲ್ಲಿ ಮರದ ಹಲಗೆಗಳ ಮೇಲೆ ಇಳಿಸಿ. ಮಣ್ಣಿನ ಮೇಲೆ ನೇರ ಬಿಟ್ಟರೆ ಒಂದು ಮಳೆಗೆ ಒಂದು ಮೂಲೆ ಹೂತುಹೋಗುತ್ತದೆ. ಸ್ಟ್ಯಾಂಡ್ ಇದ್ದರೆ ಇಳಿಸಿ, ಅದರ ಕಾಲಡಿಗೂ ಹಲಗೆ ಕೊಡಿ. ಕಾಂಕ್ರೀಟ್ ನೆಲ ಇರುವವರು ಹಗುರ ಉಪಕರಣಗಳಿಗೆ ಚಕ್ರದ ಹಲಗೆ ಮಾಡಿಸಿಕೊಳ್ಳಬಹುದು. ಆಗ ಕೊನೆಯ ಅಂಗುಲಕ್ಕೆ ಟ್ರ್ಯಾಕ್ಟರ್ ಬದಲು ಉಪಕರಣವನ್ನೇ ತಳ್ಳಬಹುದು. ಚಕ್ರಕ್ಕೆ ಬ್ರೇಕ್ ಇರಲಿ, ಅಂಚಿಗಿಂತ ಉಪಕರಣ ಹೊರಗೆ ಚಾಚದಿರಲಿ.

ಮೊದಲು ಪಿಟಿಒ ಶಾಫ್ಟ್ ಬಿಚ್ಚಿ, ಮಣ್ಣಿಗೆ ತಾಗದ ಹಾಗೆ ಕೊಕ್ಕೆಗೆ ಇಡಿ. ಕವಚದ ಸರಪಳಿಗೆ ಶಾಫ್ಟ್ ನೇತುಹಾಕಬೇಡಿ, ಅದು ಕವಚ ತಿರುಗದಂತೆ ಹಿಡಿಯಲು ಮಾತ್ರ. ಹೈಡ್ರಾಲಿಕ್ ಒತ್ತಡ ಇಳಿಸಿ ಪೈಪ್ ಬಿಚ್ಚಿ, ತುದಿಗೆ ಮುಚ್ಚಳ ಹಾಕಿ. ನಂತರ ಟಾಪ್ ಲಿಂಕ್. ಅದು ಬಿಗಿಯಾಗಿ ಪಿನ್ ಬಾರದಿದ್ದರೆ ಕೊಳವೆ ತಿರುಗಿಸಿ ಭಾರ ಹೋಗುವ ತನಕ ಸಡಿಲಿಸಿ. ಕೊನೆಗೆ ಬಲ, ಎಡ. ಪಿನ್‌ಗಳನ್ನು ಅವು ಜಾರದಂತೆ ತುದಿಗೆ ಹಾಕುವ ಲಿಂಚ್ ಪಿನ್ ಸಮೇತ ಉಪಕರಣದ ತೂತುಗಳಲ್ಲೇ ಸಿಕ್ಕಿಸಿಡಿ. ಮಾಮೂಲಿಯಾಗಿ ಕಳೆದುಹೋಗುವುದು ಲಿಂಚ್ ಪಿನ್. ಅದರ ಜಾಗಕ್ಕೆ ತಂತಿ ಸುತ್ತಿ ಹೊಲಕ್ಕೆ ಇಳಿಯುವ ಬದಲು ನಾಲ್ಕೈದು ಹೆಚ್ಚಿಗೆ ತಂದು ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಳ್ಳಿ. ಟ್ರ್ಯಾಕ್ಟರ್ ಮುಂದಕ್ಕೆ ತೆಗೆಯುವ ಮುಂಚೆ ಒಮ್ಮೆ ಹಿಂದೆ ಹೋಗಿ ಮೂರೂ ಬಿಂದು, ಶಾಫ್ಟ್, ಪೈಪ್ ಎಲ್ಲ ಬಿಡಿಸಿದೆಯಾ ನೋಡಿ, ಆಮೇಲೆ ಗೇರ್ ಹಾಕಿ.